ಹೆಸರು ಅದೇ ಅಲ್ವಾ

“ಯಾಕೋಬ ಸರ್ ಅಲ್ವಾ?” ಎಂದು ಫೋನಿನಲ್ಲಿ ಕೇಳಿದ ದನಿ ಎಳೆಯದು, ವಿನಯದ್ದು. ಹೌದು ಅನ್ನುವ ಮಾತು ನಾಲಗೆಯ ತುದಿಗೆ ಬಂದಿದ್ದರೂ ಜೀವಾನಂದ “ರಾಂಗ್ ನಂಬರ್” ಎಂದ. ಆ ಕಡೆ ನಿಂತಲ್ಲೇ ಗುರುಗುಡುವ ಬೈಕಿನ ಸದ್ದು, ಯಾರೋ ಯಾರಿಗೋ ಏನೋ ಹೇಳಿದ್ದು, ಒಂದು ಸಣ್ಣ ನಗು. “ಸರಿ ಸರ್, ಸಾರಿ” ಎಂದು ದನಿ ನಿಂತಿತು. ಅವನು ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. ಅದು ಮತ್ತೆ ಅದುರತೊಡಗಿದ್ದನ್ನು ನೋಡಿ ಸ್ವಿಚ್ ಆಫ್ ಮಾಡಿದ. ಕೆನ್ನೆಗೆ ಹಚ್ಚಿಕೊಂಡಿದ್ದ ಸೋಪು ಒಣಗಿ ಚರ್ಮ ಬಿಗಿಯುತ್ತಿತ್ತು. ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ಕೆಳಗೆ ನೋಡಿದ. ಶಂಕರಪುರದ ಆ ಬೀದಿ ದಿನದ ಹಾಗೆಯೇ ಇತ್ತು: ಎದುರುಮನೆಯ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದ ಹೆಂಗಸು, ಹೂವಿನ ಗಾಡಿ, ಸೈಕಲ್ಲಿಗೆ ಒರಗಿ ಬೀಡಿ ಹಚ್ಚುತ್ತಿದ್ದ ಪೇಪರಿನವನು. ಒಂದು ಬೈಕು ಮೂಲೆಯಲ್ಲಿ ನಿಂತಿತ್ತು. ಬೈಕುಗಳು ದಿನವೂ ಅಲ್ಲಿ ನಿಲ್ಲುತ್ತವೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ದಿನವೂ ನಿಲ್ಲುವುದು ಕಪ್ಪು ಬೈಕೋ ಕೆಂಪು ಬೈಕೋ ಎಂದು ನೆನಪಿಸಿಕೊಳ್ಳಲು ಹೋಗಿ, ಎರಡು ವರ್ಷದಿಂದ ತಾನು ಈ ಬೀದಿಯನ್ನು ಸರಿಯಾಗಿ ನೋಡಿಯೇ ಇಲ್ಲ, ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬಂದಿದ್ದೇನೆ ಎನ್ನುವುದು ಹೊಳೆಯಿತು.

ಆ ಹೆಸರು ಹಿಡಿದು ಅವನನ್ನು ಕರೆಯುವವರು ಈಗ ಅವನ ವಿದ್ಯಾರ್ಥಿಗಳು ಮಾತ್ರ. ಸಂಬಳದ ಚೀಟಿಯಲ್ಲಿ ಅವನು ಜೇಮ್ಸ್ ಜೀವಾನಂದ. ಈ ಬೀದಿಯಲ್ಲಿ ಬರೀ ಜೀವಾನಂದ ಮೇಷ್ಟ್ರು. ಪಾದ್ರಿಗಳಾಗಲು ಬರುವ ಹುಡುಗರು ಓದುವ, ಊರಾಚೆಯ ಒಂದು ಕಾಲೇಜಿನಲ್ಲಿ ಅವನು ಹೀಬ್ರೂ ಕಲಿಸುತ್ತಾನೆ. ನಿನ್ನೆ ಪ್ರಿನ್ಸಿಪಾಲರು ಅವನನ್ನು ಒಳಗೆ ಕರೆದು, ತಾವೇ ಎದ್ದು ಬಾಗಿಲು ಮುಚ್ಚಿ, ಎಲೀಯನ ವಿಷಯ ಹೇಳಿದ್ದರು. ಎಲೀಯ ಮಾಲೂರು ಕಡೆಯ ಹಳ್ಳಿಯವನು, ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಜೀವಾನಂದ ಬಾಯಿ ತೆರೆದ ಹಾಗೆಯೇ ಬಾಯಿ ತೆರೆದು ಉಚ್ಚಾರ ಕಲಿಯುತ್ತಿದ್ದವನು. ಭಾನುವಾರ ಅವನ ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದಾಗ ಯಾರೋ ನುಗ್ಗಿ ಹೊಡೆದಿದ್ದಾರೆ. ದವಡೆ ಮುರಿದಿದೆ, ಮಾತಾಡಲು ಆಗುವುದಿಲ್ಲ. ಫೋನನ್ನು ಅವರು ಕಿತ್ತುಕೊಂಡು ಹೋಗಿದ್ದಾರೆ. “ನೀವು ಆ ಏರಿಯಾದಲ್ಲಿ ಒಬ್ಬರೇ ಇರೋದು. ಸ್ವಲ್ಪ ದಿನ ಹುಷಾರಾಗಿರಿ” ಎಂದಿದ್ದರು ಪ್ರಿನ್ಸಿಪಾಲರು. ಆ ಕ್ಷಣ ಜೀವಾನಂದನಿಗೆ ಎಲೀಯನ ದವಡೆಗಿಂತ ಮೊದಲು ನೆನಪಾದದ್ದು ಆ ಫೋನಿನಲ್ಲಿ ತನ್ನ ಹೆಸರಿದೆ ಎನ್ನುವುದು. ಹಾಗೆ ನೆನಪಾದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯನ್ನು ತೊಳೆದುಕೊಳ್ಳುವವನ ಹಾಗೆ ಸಂಜೆ ಆಸ್ಪತ್ರೆಗೆಂದು ಹೊರಟು, ಬಸ್ ಸ್ಟಾಪಿನಲ್ಲಿ ನಿಂತು, ಅಲ್ಲಿ ಯಾರಾದರೂ ಕಾದು ಕೂತಿದ್ದರೆ ಎಂದು ಯೋಚಿಸಿ, ಮನೆಯ ಕಡೆಯ ಬಸ್ಸು ಹತ್ತಿದ್ದ. ಸೀಟಿನಲ್ಲಿ ಕೂತ ಮೇಲೆ ಇನ್ನೊಂದು ನೆನಪಾಗಿತ್ತು. ಹಿಂದಿನ ತಿಂಗಳು ಎಲೀಯ ಒಂದು ನಿಘಂಟು ಕೇಳಿಕೊಂಡು ಶಂಕರಪುರಕ್ಕೆ ಬಂದಿದ್ದ. ಅವನನ್ನು ಮನೆಗೆ ಕರೆಯಲು ಧೈರ್ಯ ಸಾಲದೆ, ‘ಶಂಕರಪುರದ ಮೂಲೆಯ ಹಾಸಿಗೆ ಅಂಗಡಿ ಹತ್ತಿರ ನಿಲ್ಲು, ನಾನೇ ಬರುತ್ತೇನೆ’ ಎಂದು ಮೆಸೇಜು ಕಳಿಸಿದ್ದ. ಬಿಸಿಲಿನಲ್ಲಿ ನಿಂತು ಬೆವರುತ್ತಿದ್ದ ಹುಡುಗ ಪುಸ್ತಕ ತೆಗೆದುಕೊಂಡು, “ಮನೆ ಇಲ್ಲೇನಾ ಸರ್?” ಎಂದು ಕೇಳಿದ್ದ. “ಇಲ್ಲೇ ಎಲ್ಲೋ” ಎಂದಿದ್ದ ತಾನು. ಗುರುವಿನ ಮನೆಯಲ್ಲಿ ಒಂದು ಲೋಟ ನೀರು ಕುಡಿಯಬಹುದೆಂದು ಅವನು ಬಂದಿದ್ದಿರಬೇಕು.

ಮುಖ ತೊಳೆದು ಕುರ್ಚಿಯಲ್ಲಿ ಕೂತ. ಯಾಕೋಬ ಎಂದು ಹೆಸರಿಟ್ಟಿದ್ದು ಅಜ್ಜಿ. ಅವಳಿಗೆ ಸತ್ಯವೇದವೆಂಬ ಬೈಬಲಿನ ಕನ್ನಡ ಬಿಟ್ಟು ಬೇರೆ ಓದು ಬರುತ್ತಿರಲಿಲ್ಲ. ಮೊಮ್ಮಗ ತಾಯಿಯ ಹೊಟ್ಟೆಯಿಂದ ಬರುವಾಗ ಮುಷ್ಟಿ ಬಿಗಿಹಿಡಿದಿದ್ದನಂತೆ, ಸತ್ಯವೇದದ ಯಾಕೋಬ ಹುಟ್ಟುವಾಗ ಅವಳಿ ಅಣ್ಣನ ಹಿಮ್ಮಡಿ ಹಿಡಿದಿದ್ದ ಹಾಗೆ, ಅದಕ್ಕೇ ಆ ಹೆಸರು. ಶಾಲೆಗೆ ಸೇರಿಸುವಾಗ ಅಪ್ಪ, ಇಂಗ್ಲಿಷಿನಲ್ಲಿದ್ದರೆ ಮಗ ಮುಂದೆ ಬರುತ್ತಾನೆಂದು ಜೇಮ್ಸ್ ಎಂದು ಬರೆಸಿದರು. ಅದು ತಪ್ಪೇನೂ ಆಗಿರಲಿಲ್ಲ. ಸತ್ಯವೇದದಲ್ಲಿರುವ ಒಂದು ಪತ್ರಕ್ಕೆ ಕನ್ನಡದಲ್ಲಿ ಯಾಕೋಬನ ಪತ್ರಿಕೆ ಎಂದಿರುವುದು ಇಂಗ್ಲಿಷಿನಲ್ಲಿ ಜೇಮ್ಸನದು. “ಜೇಮ್ಸ್ ಅಂದ್ರೆ ಯಾರಪ್ಪಾ?” ಎಂದು ಅಜ್ಜಿ ಮಾತ್ರ, ಮನೆಗೆ ಯಾರೋ ಗುರುತಿಲ್ಲದವರು ಬಂದ ಹಾಗೆ, ಬಾಗಿಲ ಕಡೆ ನೋಡಿ ಕೇಳಿದ್ದಳು. ಆ ಪ್ರಶ್ನೆಗೆ ಉತ್ತರವನ್ನು ಅವನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುತ್ತಾನೆ. ಹೀಬ್ರೂವಿನಲ್ಲಿ ಅವನು ಯಾಕೋವ್. ಯಾ ಆದ ಮೇಲೆ ಗಂಟಲಿನ ಆಳದಿಂದ ಬರುವ ಒಂದು ಶಬ್ದವುಂಟು. ಗ್ರೀಕರಿಗೆ ಆ ಶಬ್ದ ಬರೆಯಲು ಅಕ್ಷರವಿರಲಿಲ್ಲ, ಅದನ್ನು ಬಿಟ್ಟು ಬಾಲ ಹಚ್ಚಿ ಯಾಕೋಬೋಸ್ ಎಂದರು. ಲ್ಯಾಟಿನ್ನಿನಲ್ಲಿ ಯಾಕೋಬುಸ್ ಎಂದಾಗಿ, ಜನರ ಬಾಯಲ್ಲಿ ಬಕಾರ ಮಕಾರವಾಗಿ ಯಾಕೋಮುಸ್. ಫ್ರೆಂಚರ ಬಾಯಲ್ಲಿ ಮೊದಲಿನ ಯ ಜ ಆಗಿ, ನಡುವಿನ ಕ ಸವೆದು ಹೋಗಿ, ಇಂಗ್ಲಿಷಿಗೆ ಬರುವ ಹೊತ್ತಿಗೆ ಜೇಮ್ಸ್. ಯೋಹಾನಾನ್ ಜಾನ್ ಆದ, ಮಿರ್ಯಾಮ್ ಮೇರಿಯಾದಳು, ಹನ್ನಳ ಹ ದಾರಿಯಲ್ಲಿ ಬಿದ್ದು ಆನ್ ಎಂದಾಯಿತು. “ಯಾರೂ ಬೇಕೆಂದು ಕದ್ದಿಲ್ಲ. ಒಬ್ಬೊಬ್ಬರೂ ತಮ್ಮ ಬಾಯಿಗೆ ಆಗದ್ದನ್ನು ಬಿಟ್ಟರು, ಅಷ್ಟೇ” ಎಂದು ಹೇಳಿ, “ನನ್ನ ಹೆಸರು ಜೇಮ್ಸ್. ಆದರೆ ಜೇಮ್ಸ್ ಅನ್ನುವವನು ಮೂಲದಲ್ಲಿ ಎಲ್ಲೂ ಇಲ್ಲ” ಎನ್ನುವಾಗ ಹುಡುಗರು ನಗುತ್ತಿದ್ದರು. ಅಂದಿನಿಂದ ಅವನು ಅವರಿಗೆಲ್ಲ ಯಾಕೋಬ ಸರ್. ಆ ಮಾತು ಆಡುವಾಗ ತನಗೆ ಒಂದು ಬಗೆಯ ಹೆಮ್ಮೆಯಾಗುತ್ತಿತ್ತು ಎಂದು ಈಗ ಅನ್ನಿಸಿತು; ತರಗತಿಯ ನಾಲ್ಕು ಗೋಡೆಗಳ ನಡುವೆ ಮಾತ್ರ ಆಡಬಲ್ಲ ಮಾತು.

ಹೆಂಡತಿ ರಾಹೇಲ ತೀರಿಕೊಂಡಾಗ ಕಲ್ಲು ಕೆತ್ತುವವನು ಇಂಗ್ಲಿಷಿನಲ್ಲಿ ರೇಚಲ್ ಎಂದು ಕೆತ್ತಿದ. ಬದುಕಿದ್ದಾಗ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಬದಲಿಸಲು ಹೇಳಬೇಕೆಂದು ಎರಡು ಸಲ ಹೋಗಿ, ಕೆಲಸದವನು “ಚೆನ್ನಾಗಿ ಬಂದಿದೆ ಅಲ್ವಾ ಸಾರ್?” ಎಂದು ಕೇಳಿದ್ದಕ್ಕೆ “ಚೆನ್ನಾಗಿದೆ” ಎಂದು ಬಂದಿದ್ದ. ಅವಳಿಲ್ಲದ ಮನೆಯಲ್ಲಿ ಇರಲಾರದೆ ಬೇರೆ ಹುಡುಕುವಾಗ, ಶಂಕರಪುರದ ಬ್ರೋಕರು ಅವನ ಪೂರ್ತಿ ಹೆಸರು ಕೇಳಿ ತಲೆ ಕೆರೆದುಕೊಂಡು, “ಬರೀ ಜೀವಾನಂದ್ ಅಂತ ಹೇಳ್ಬಿಡ್ತೀನಿ ಸಾರ್. ಸುಳ್ಳೇನಲ್ವಲ್ಲ” ಎಂದ. ಸುಳ್ಳಲ್ಲ. ಕೆಳಗಿನ ಮನೆಯ ಶೀನಣ್ಣ, ವಿಮಾ ಕಚೇರಿಯಿಂದ ನಿವೃತ್ತರಾದವರು, “ಏನ್ ಪಾಠ ಮಾಡ್ತೀರಿ?” ಎಂದು ಕೇಳಿದಾಗ “ಹಳೇ ಭಾಷೆಗಳು ಸಾರ್” ಎಂದ. ಅದೂ ಸುಳ್ಳಲ್ಲ. ಅವರು ಅದನ್ನು ಪ್ರಾಕೃತ, ಪಾಲಿ ಎಂದು ಅರ್ಥ ಮಾಡಿಕೊಂಡು ಸಂತೋಷಪಟ್ಟರು. ಅವರ ತಾಯಿ ಜಾನಕಮ್ಮ ಹಬ್ಬಹಬ್ಬಕ್ಕೂ ಒಬ್ಬಟ್ಟು, ಪಾಯಸ ಮೇಲಕ್ಕೆ ಕಳಿಸುತ್ತಿದ್ದರು. ಡಿಸೆಂಬರಿನಲ್ಲಿ ಅವನು ನಕ್ಷತ್ರ ತೂಗುಹಾಕಲಿಲ್ಲ. ಭಾನುವಾರ ಚರ್ಚಿಗೆ ಹೋಗುವಾಗ ಸತ್ಯವೇದವನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಹೋಗಿ, ಬರುವಾಗ ಅದರ ಮೇಲೆ ಒಂದು ಕಟ್ಟು ಕೊತ್ತಂಬರಿ ಹಾಕಿಕೊಂಡು ಬಂದ. ಒಂದು ಸಲ ಮೆಟ್ಟಿಲ ಮೇಲೆ ಜಾನಕಮ್ಮ ಆ ಚೀಲಕ್ಕೆ ಕೈಹಾಕಿ, “ಕೊತ್ತಂಬರಿ ಘಮ್ಮಂತಿದೆ ಮೇಷ್ಟ್ರೇ” ಎಂದಾಗ, ಅವರ ಬೆರಳಿಗೂ ಆ ಕಪ್ಪು ರಟ್ಟಿಗೂ ನಡುವೆ ಇದ್ದದ್ದು ನಾಲ್ಕು ದಂಟು.

ಹನ್ನೊಂದರ ಸುಮಾರಿಗೆ ಅವನು ಕೆಳಗಿಳಿದ. ಮೂಲೆಯ ಹಾಸಿಗೆ ಅಂಗಡಿಗೆ ಹೋಗಬೇಕಿತ್ತು. ರಾಹೇಲಳ ಕಾಲದ ಹತ್ತಿಯ ಹಾಸಿಗೆ ಗಂಟುಗಂಟಾಗಿ, ಮಲಗಿದರೆ ಬೆನ್ನಿಗೆ ಕಲ್ಲು ಒತ್ತಿದಂತಾಗುತ್ತಿತ್ತು. ಜಾನಕಮ್ಮನವರೇ “ಯಾಕೂಬ್ ಸಾಬರಿಗೆ ಕೊಡಿ, ಹಿಂಜಿ ಹೊಸದರ ಹಾಗೆ ಮಾಡ್ಕೊಡ್ತಾರೆ” ಎಂದು ಹೇಳಿದ್ದರಿಂದ ಅದನ್ನು ಅಲ್ಲಿ ಕೊಟ್ಟು ಬಂದಿದ್ದ. ಬೋರ್ಡಿನಲ್ಲಿ ‘ಹಾಸಿಗೆ, ದಿಂಬು’ ಎಂಬುದಷ್ಟೇ ಉಳಿದ ಆ ಅಂಗಡಿಯಲ್ಲಿ ಮುದುಕ ಕಾಲು ಚಾಚಿ ಕೂತು, ದಬ್ಬಳ ಹಿಡಿದು ಪಟ್ಟೆ ಬಟ್ಟೆಯ ಅಂಚು ಹೊಲಿಯುತ್ತಿದ್ದ. ಹುಬ್ಬು, ರೆಪ್ಪೆ, ಗಡ್ಡ ಎಲ್ಲದರ ಮೇಲೂ ಹತ್ತಿಯ ಎಳೆ. “ಬನ್ನಿ ಸಾರ್. ನಿಮ್ದೇ ಇದು, ಒಂದು ಬದಿ ಉಳಿದಿದೆ. ಸಾಯಂಕಾಲ ನಾನೇ ಹೊತ್ಕೊಂಡು ಬರ್ತೀನಿ.” “ನಾನೇ ಬರ್ತೀನಿ ಬಿಡಿ, ನಿಮಗ್ಯಾಕೆ ಮೆಟ್ಟಿಲು” ಎಂದ ಜೀವಾನಂದ. ಹಿಂದೊಮ್ಮೆ ಇಲ್ಲೇ ನಿಂತು, ನಿಮ್ಮ ಹೆಸರೇ ನನ್ನ ಹೆಸರೂ, ಅರಬ್ಬಿಯಲ್ಲಿ ಆ ಗಂಟಲಿನ ಶಬ್ದ ಇನ್ನೂ ಉಳಿದಿದೆ, ಮೂಲಕ್ಕೆ ನನಗಿಂತ ನೀವೇ ಹತ್ತಿರ ಎಂದು ಹೇಳಬೇಕೆನ್ನಿಸಿತ್ತು. ಹೇಳಿದರೆ ಮುದುಕ ನಾಳೆ ಶೀನಣ್ಣನ ಮುಂದೆ ಅದನ್ನೇ ಕೌತುಕದಿಂದ ಹೇಳಿಬಿಟ್ಟಾನು ಎಂದು ಸುಮ್ಮನಾಗಿದ್ದ. ಇವತ್ತು ಅಂಗಡಿಯ ಎದುರಿನ ಟೀ ಗಾಡಿಯ ಬಳಿ ಇಬ್ಬರು ಹುಡುಗರು ಲೋಟ ಹಿಡಿದು ನಿಂತಿದ್ದರು. ಒಬ್ಬನದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನು ಬೀದಿಯ ಎರಡೂ ಬದಿಯ ಮನೆಗಳನ್ನು, ಬಾಡಿಗೆಗೆ ಮನೆ ನೋಡಲು ಬಂದವರು ನೋಡುವ ಹಾಗೆ, ಒಂದೊಂದಾಗಿ ನೋಡುತ್ತಿದ್ದ. ಜೀವಾನಂದ ಹಾಸಿಗೆಯ ವಿಷಯವನ್ನು ಅರ್ಧಕ್ಕೆ ಬಿಟ್ಟು, ಓಡದೆ, ಆದರೆ ಓಡಬಾರದೆಂಬುದನ್ನು ಪ್ರತಿ ಹೆಜ್ಜೆಗೂ ನೆನಪಿಟ್ಟುಕೊಂಡು ಮನೆಗೆ ಬಂದ.

ಊಟ ಸೇರಲಿಲ್ಲ. ಮಧ್ಯಾಹ್ನ ಗೇಟಿನ ಸದ್ದಾದಾಗ ಅವನು ಖಾಲಿ ನೀರಿನ ಕ್ಯಾನು ಹಿಡಿದು ಮೆಟ್ಟಿಲಿನ ಅರ್ಧದಲ್ಲಿದ್ದ. ಶೀನಣ್ಣ ಬನಿಯನ್ ಪಂಚೆಯಲ್ಲೇ ಗೇಟಿನ ಬಳಿ ಹೋಗಿದ್ದರು. ಆಚೆ ಐದಾರು ಹುಡುಗರು, ಮೂರು ಬೈಕು. ಮಾತಾಡುತ್ತಿದ್ದವನು ಬಿಳಿ ಅಂಗಿಯವನೇ.

“ನಮಸ್ಕಾರ ಸಾರ್. ತೊಂದರೆ ಕೊಡ್ತಿದೀವಿ. ಇಲ್ಲಿ ಯಾಕೋಬ ಅಂತ ಯಾರಾದ್ರೂ ಇದಾರಾ?”

ಬೆಳಿಗ್ಗೆಯ ದನಿ. ಜೀವಾನಂದನ ಕೈಯಲ್ಲಿದ್ದ ಕ್ಯಾನು ಗೋಡೆಗೆ ತಗುಲಿ ಟೊಳ್ಳಾಗಿ ಸದ್ದು ಮಾಡಿತು. ಹುಡುಗ ತಲೆಯೆತ್ತಿ ನೋಡಿ, ಹಿರಿಯರಿಗೆ ಮಾಡುವ ಹಾಗೆ ಅವನಿಗೂ ಕೈಮುಗಿದ.

“ಯಾಕೋಬಾನಾ? ಅಂಥವರು ಯಾರಪ್ಪ ಇಲ್ಲಿ? ಇದು ನಮ್ಮನೆ. ಮೇಲಿರೋರು ಜೀವಾನಂದ್ ಅಂತ, ಮೇಷ್ಟ್ರು” ಎಂದರು ಶೀನಣ್ಣ. “ಏನಾಗ್ಬೇಕಿತ್ತು?”

“ದೊಡ್ಡ ಆಸಾಮಿ ಸಾರ್. ಹಳ್ಳಿ ಹಳ್ಳಿಗೆ ಹುಡುಗರನ್ನ ಕಳಿಸಿ ಜನರನ್ನ ಮತಾಂತರ ಮಾಡಿಸ್ತಾನೆ. ಮಾತಾಡಬೇಕಿತ್ತು, ಅಷ್ಟೇ. ಫೋನ್ ಮಾಡಿದ್ರೆ ರಾಂಗ್ ನಂಬರ್ ಅಂದು ಆಫ್ ಮಾಡ್ಕೊಂಡಿದಾನೆ. ಹಾಸಿಗೆ ಅಂಗಡಿ ಹತ್ರ ನಿಲ್ಲು, ಬರ್ತೀನಿ ಅಂತ ಅವನದೇ ಮೆಸೇಜ್ ಇದೆ. ಇದೇ ಬೀದಿ.”

ಶೀನಣ್ಣ ಪಂಚೆಯ ತುದಿಯಿಂದ ಕನ್ನಡಕ ಒರೆಸಿಕೊಂಡರು. ಅವರು ಯಾರಿಗೂ ಕೆಡುಕು ಬಯಸಿದವರಲ್ಲ. ಯಾರಾದರೂ ವಿಳಾಸ ಕೇಳಿದರೆ ಗೊತ್ತಿಲ್ಲ ಅನ್ನುವುದು ಅವರಿಂದಾಗುತ್ತಿರಲಿಲ್ಲ. ಮನೆ ತಲುಪುವವರೆಗೆ ಬಿಡುತ್ತಿರಲಿಲ್ಲ. “ಹಾಸಿಗೆ ಅಂಗಡಿ ಅಂದ್ರೆ ನಮ್ಮ ಯಾಕೂಬ್ದೇ ಇರ್ಬೇಕು. ಯಾಕೋಬ, ಯಾಕೂಬ್... ಹೆಸರೇನೋ ಹತ್ರಹತ್ರ ಇದೆ. ಆದ್ರೆ ಅವನು ಸಾಬಿ ಕಣಪ್ಪ, ಪಾಪದೋನು. ಅಲ್ವಾ ಮೇಷ್ಟ್ರೇ?”

ಎಲ್ಲರೂ ಮೆಟ್ಟಿಲ ಕಡೆ ನೋಡಿದರು. ಈಗ, ಎಂದುಕೊಂಡ ಜೀವಾನಂದ. ಈಗ ಒಂದು ಮಾತು. ಎಲೀಯನ ದವಡೆ ಯಾವ ಬದಿ ಮುರಿದಿರಬಹುದು ಎಂಬ ಯೋಚನೆ ಎಲ್ಲಿಂದಲೋ ಬಂದು, ತನ್ನ ಎಡಗೆನ್ನೆ ತಾನಾಗಿಯೇ ನೋಯತೊಡಗಿತು. ಶೀನಣ್ಣ ಕೇಳಿದ್ದು ಯಾಕೂಬ್ ಪಾಪದವನಲ್ಲವೇ ಎಂದು. ಆದ್ದರಿಂದ ಅವನು ಹೌದೆಂದು ತಲೆಯಾಡಿಸಿದ. ಅದು ಸುಳ್ಳಲ್ಲ. ಆದರೆ ಬಿಳಿ ಅಂಗಿಯ ಹುಡುಗ ಆ ತಲೆಯಾಡಿಸುವಿಕೆಯನ್ನು ಬೇರೆಯದೇ ಪ್ರಶ್ನೆಗೆ ಉತ್ತರವೆಂದು ತೆಗೆದುಕೊಂಡ. ಅದು ಅವನ ಕಣ್ಣಿನಲ್ಲಿ ಸ್ಪಷ್ಟವಾಗಿ ಕಂಡಿತು. ಕಂಡ ಮೇಲೂ ಜೀವಾನಂದ ಏನೂ ಹೇಳಲಿಲ್ಲ. “ಥ್ಯಾಂಕ್ಸ್ ಸಾರ್” ಎಂದು ಹುಡುಗ ಇಬ್ಬರಿಗೂ ಕೈಮುಗಿದು, ಗೇಟನ್ನು ತಾನೇ ಜೋಪಾನವಾಗಿ ಎಳೆದು ಚಿಲಕ ಹಾಕಿ ಹೋದ.

ಅವನು ಮೇಲೆ ಹೋಗಿ ಮಂಚದ ಬರಿ ಹಲಗೆಯ ಮೇಲೆ ಕೂತ. ಏನೂ ಆಗುವುದಿಲ್ಲ, ಮುದುಕನ ಗಡ್ಡ ನೋಡಿದರೆ ಗೊತ್ತಾಗುತ್ತದೆ, ಎರಡು ಮಾತು ಕೇಳಿ ವಾಪಸು ಹೋಗುತ್ತಾರೆ. ಹಾಗೆ ಹೇಳಿಕೊಳ್ಳುತ್ತಿರುವಾಗಲೇ ಕಿವಿ ಬೀದಿಯ ಕಡೆಗಿತ್ತು. ಮೊದಲು ಜೋರು ಮಾತು, ಅದರಲ್ಲಿ ಮುದುಕನ ದನಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಆಮೇಲೆ ಕಬ್ಬಿಣದ ಷಟರಿಗೆ ಏನೋ ಅಪ್ಪಳಿಸಿದ ಸದ್ದು. ಟೀ ಗಾಡಿಯವನು ಕೂಗಿದ. ಆಮೇಲೆ ಸದ್ದಿಲ್ಲ. ಸದ್ದಿಲ್ಲದಿರುವುದೇ ಹೆಚ್ಚು ಹೊತ್ತು. ಏಳಬೇಕೆಂದು ಮೊಣಕಾಲಿನ ಮೇಲೆ ಕೈಯೂರಿದ. ಕೈ ಊರಿದಂತೆಯೇ ಇತ್ತು, ಅವನು ಏಳಲಿಲ್ಲ. ಚಿಕ್ಕವನಾಗಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಯಾಕೋಬ ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಅಣ್ಣನ ಬಟ್ಟೆ ತೊಟ್ಟು ಪಡೆದುಕೊಂಡಿದ್ದ. ಯಾಕೋಬನಿಗೆ ಸಲ್ಲಬೇಕಾದ ಪೆಟ್ಟನ್ನು ಬೇರೊಬ್ಬ ಪಡೆದುಕೊಂಡರೆ ಹೇಗೆ ಎಂದು ಯಾರೂ ಬರೆದಿರಲಿಲ್ಲ. ಕಿಟಕಿಯ ಆಚೆ ಏನೋ ಬೆಳ್ಳಗೆ ತೇಲಿ ಹೋಯಿತು. ಎದ್ದು ಪರದೆ ಸರಿಸಿ ನೋಡಿದ. ಬೀದಿಯ ತುಂಬ ಹತ್ತಿ. ಗಾಳಿ ಬಂದಾಗ ಎದ್ದು, ಬೈಕುಗಳ ಮೇಲೆ, ತಂತಿಗಳ ಮೇಲೆ, ಬೆಳಗಿನ ರಂಗೋಲಿಯ ಮೇಲೆ ಕೂರುತ್ತಿತ್ತು. ಎದುರುಮನೆಯ ಹೆಂಗಸು ಬಾಗಿಲು ತೆಗೆದು ನೋಡಿ, ಮುಚ್ಚಿಕೊಂಡಳು.

ಅವನು ಕೆಳಗಿಳಿದಾಗ ಬಾಗಿಲಲ್ಲಿ ಜಾನಕಮ್ಮ ಗೋಡೆ ಹಿಡಿದು ನಿಂತಿದ್ದರು. ಪೊರೆ ಬಂದ ಕಣ್ಣಿಗೆ ಹತ್ತಿ ಕಾಣುತ್ತಿತ್ತೋ ಇಲ್ಲವೋ. “ಯಾರದು, ಮೇಷ್ಟ್ರೇನಾ? ಏನದು ಗಲಾಟೆ? ಶೀನನನ್ನ ಕೇಳಿದ್ರೆ ಏನಿಲ್ಲ ಒಳಗೆ ಹೋಗು ಅಂತಾನೆ. ಆ ಸಾಬರ ಅಂಗಡಿ ಕಡೆಯಿಂದ ಬಂತಲ್ವಾ?”

“ಹೌದಮ್ಮ.”

“ನಮ್ಮ ಮದುವೆ ಹಾಸಿಗೆ ಹೊಲಿದಿದ್ದು ಅವರಪ್ಪ. ಶೀನನಿಗೆ ಬುದ್ಧಿ ಇಲ್ಲ, ಬಂದೋರಿಗೆಲ್ಲ ಬೆರಳು ತೋರಿಸ್ತಾನೆ. ನೀವಾದ್ರೂ ಹೋಗಿ ನೋಡಬಾರದೇ? ಓದಿದೋರು ನೀವು, ನಿಮ್ಮ ಮಾತು ಕೇಳ್ತಾರೆ.” ಅವರು ಕೈಚಾಚಿ ಅವನ ತೋಳನ್ನು ಹುಡುಕಿ ಹಿಡಿದು ಗೇಟಿನ ಕಡೆ ತಿರುಗಿಸಿದರು.

ಅವನು ಹೋದ. ಬೈಕುಗಳು ಇರಲಿಲ್ಲ. ಟೀ ಗಾಡಿಯವನು ಮುದುಕನನ್ನು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ, ಚೊಂಬಿನಿಂದ ನೀರು ಕುಡಿಸುತ್ತಿದ್ದ. ಹುಬ್ಬಿನ ಮೇಲೆ ಸೀಳಿತ್ತು. ರಕ್ತದ ಮೇಲೆ ಹತ್ತಿ ಅಂಟಿ, ಅದು ಮತ್ತೆ ಕೆಂಪಾಗಿ, ಯಾರೋ ಬ್ಯಾಂಡೇಜು ಹಾಕಿದಂತೆಯೇ ಕಾಣುತ್ತಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಒಳಗೆ ಪಟ್ಟೆ ಬಟ್ಟೆಯ ಹಾಸಿಗೆ ಉದ್ದಕ್ಕೂ ಸೀಳಿ ಬಿದ್ದಿತ್ತು. ಬೀದಿಯಲ್ಲಿ ಹಾರಿದ್ದು ಅದರ ಹೊಟ್ಟೆಯ ಹತ್ತಿ, ತಾನೂ ರಾಹೇಲಳೂ ಮಲಗುತ್ತಿದ್ದ ಹತ್ತಿ ಎನ್ನುವುದು ಅವನಿಗೆ ನಿಧಾನವಾಗಿ ತಿಳಿಯಿತು.

“ನಿಮ್ದು ಹಾಳಾಗೋಯ್ತು ಸಾರ್” ಎಂದ ಯಾಕೂಬ್. “ಒಳಗೆ ಏನೋ ಪುಸ್ತಕ ಬಚ್ಚಿಟ್ಟಿದೀಯ ಅಂತ ಹರಿದುಬಿಟ್ರು. ನಾನು ಪಾದ್ರಿ ಅಲ್ಲಪ್ಪ, ಹಾಸಿಗೆ ಹೊಲಿಯೋನು ಅಂತ ಎಷ್ಟು ಸಲ ಹೇಳ್ದೆ. ಹೆಸರೇನು ಅಂದ್ರು. ಯಾಕೂಬ್ ಅಂದೆ. ಹೆಸರು ಅದೇ ಅಲ್ವಾ ಅಂದ್ರು.”

ಹೆಸರು ಅದೇ. ಇಷ್ಟು ವರ್ಷ ಕಪ್ಪುಹಲಗೆಯ ಮುಂದೆ ನಿಂತು ತಾನು ಹೇಳುತ್ತಿದ್ದುದನ್ನೇ ಆ ಹುಡುಗರು ಹೇಳಿದ್ದರು, ಒಂದಕ್ಷರ ತಪ್ಪಿಲ್ಲದೆ. ಜೀವಾನಂದ ಷಟರಿನ ಕಂಬ ಹಿಡಿದುಕೊಂಡ. ಮುದುಕ ಇನ್ನೂ ಮಾತಾಡುತ್ತಿದ್ದ, ನೋವು ಮರೆಯಲೆಂದೋ ಏನೋ. “ಯಾರೋ ಯಾಕೋಬ ಅಂತೆ ಸಾರ್, ಈ ಕಡೆನೇ ಇದಾನಂತೆ. ನನ್ನನ್ನೇ ಹಿಂಗೆ ಮಾಡಿದೋರು ಅವನು ಸಿಕ್ಕಿದ್ರೆ ಬಿಡ್ತಾರಾ? ನಿಮಗೇನಾದ್ರೂ ಗೊತ್ತಾದ್ರೆ ಹೇಳಿ ಸಾರ್ ಅವನಿಗೆ. ಒಂದೆರಡು ದಿನ ಎಲ್ಲಾದ್ರೂ ಹೋಗಿರಲಿ. ಪಾಪ, ಹೆಂಡ್ತಿ ಮಕ್ಕಳು ಇರ್ತಾರೆ.”

ಹಿಂದೆ ಚಪ್ಪಲಿಯ ಸದ್ದಾಯಿತು. ಶೀನಣ್ಣ ಅಂಗಿ ಹಾಕಿಕೊಂಡು ಬಂದಿದ್ದರು, ಗುಂಡಿಗಳು ಹೆಚ್ಚುಕಡಿಮೆಯಾಗಿದ್ದವು. ಅವರ ಕೈಯಲ್ಲಿ ಅರಿಶಿನದ ಬಟ್ಟಲಿತ್ತು, ಜಾನಕಮ್ಮ ಕೊಟ್ಟಿದ್ದಿರಬೇಕು. ಅವರು ಬಂದರೆಂದು ಸುಮ್ಮನಾದರೆ ಮತ್ತೆಂದೂ ಹೇಳಲಾರೆ ಎನ್ನಿಸಿ ಜೀವಾನಂದ ಅವಸರದಿಂದ, ಬೇಕಾದ್ದಕ್ಕಿಂತ ಜೋರಾಗಿ ಹೇಳಿದ: “ಅದು ನಾನೇ ಯಾಕೂಬ್ ಸಾಬ್ರೇ. ಅವರು ಹುಡುಕ್ತಿರೋ ಯಾಕೋಬ ನಾನೇ.”

ಟೀ ಗಾಡಿಯವನ ಚೊಂಬು ನಡುದಾರಿಯಲ್ಲಿ ನಿಂತಿತು. ಶೀನಣ್ಣ, “ಮೇಷ್ಟ್ರೇ, ಏನ್ ಹೇಳ್ತಿದೀರಿ? ಬನ್ನಿ, ಮನೆಗೆ ಹೋಗೋಣ” ಎಂದರು, ಸಣ್ಣ ದನಿಯಲ್ಲಿ, ರಸ್ತೆಯ ಎರಡೂ ಕಡೆ ನೋಡುತ್ತ.

ಯಾಕೂಬ್ ಮಾತ್ರ ಅವನನ್ನೇ ನೋಡುತ್ತಿದ್ದ. “ಅವರು ನಿಮ್ಮನೆ ಹತ್ರ ಬಂದು ಕೇಳ್ದಾಗ ನೀವು ಅಲ್ಲೇ ಇದ್ರಾ?”

“ಇದ್ದೆ.”

“ಶೀನಣ್ಣೋರು ನನ್ನ ಅಂಗಡಿ ತೋರಿಸ್ದಾಗ?”

“ಇದ್ದೆ.”

ಮುದುಕ ತಲೆ ತಗ್ಗಿಸಿ ತನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಲು ನೋಡಿದ. ಎರಡು ಮಡಚಿಕೊಂಡವು. “ಅವರಿಗೆ ಗೊತ್ತಿರಲಿಲ್ಲ” ಎಂದ. “ನಿಮಗೆ ಗೊತ್ತಿತ್ತು.” ಅದರಲ್ಲಿ ಕೋಪವಿರಲಿಲ್ಲ. ಶೀನಣ್ಣ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಇಟ್ಟಲ್ಲಿಂದ ತೆಗೆದು, ಮತ್ತೆ ಇಟ್ಟರು. ಎರಡು ವರ್ಷ ಮೆಟ್ಟಿಲ ಮೇಲೆ ಹತ್ತಿಳಿದ ಮನುಷ್ಯನನ್ನು ಅವರು ಈಗ ಹೊಸದಾಗಿ ನೋಡುತ್ತಿದ್ದರು. ಆ ನೋಟದಲ್ಲಿ ಹೇಸಿಗೆ ಇದೆಯೇ ಎಂದು ಹುಡುಕಿದ ಜೀವಾನಂದನಿಗೆ ಕಂಡದ್ದು ಹೆದರಿಕೆ, ತನ್ನದೇ ಅಳತೆಯದು.

ತಿರುವಿನಲ್ಲಿ ಬೈಕು ಕೇಳಿಸಿತು. ಒಂದೇ ಬೈಕು, ಇಬ್ಬರು. ಬಿಳಿ ಅಂಗಿಯವನು ಹತ್ತಿಯ ಮೇಲೆ ನಿಧಾನವಾಗಿ ಬಂದು, ಎಂಜಿನ್ ನಿಲ್ಲಿಸದೆ, ಕಟ್ಟೆಯ ಮುಂದೆ ಕಾಲೂರಿದ. ತೋಳಿನ ಮೇಲೆ ಒಂದೇ ಒಂದು ಕೆಂಪು ಚುಕ್ಕೆ. “ತಾತ, ಬೇಜಾರು ಮಾಡ್ಕೋಬೇಡಿ. ನಮ್ಮ ಹುಡುಗರು ಸ್ವಲ್ಪ ಅವಸರ ಮಾಡಿದ್ರು. ನೀವಲ್ಲ ಅಂತ ಈಗ ಗೊತ್ತಾಯ್ತು” ಎಂದ. “ಅವನು ನಿಮ್ಮ ಅಂಗಡಿ ಹತ್ರನೇ ನಿಲ್ಲೋನು. ಯಾರು ಅಂತ ನಿಮಗೆ ಗೊತ್ತಿರತ್ತೆ. ಹೇಳ್ಬಿಡಿ, ಹೋಗ್ತೀವಿ.”

ಯಾಕೂಬ್ ತಲೆಯೆತ್ತಲಿಲ್ಲ. ಹುಬ್ಬಿನಿಂದ ಇಳಿದದ್ದನ್ನು ಭುಜಕ್ಕೆ ಒರೆಸಿಕೊಂಡ. “ನನಗೆ ಗೊತ್ತಿಲ್ಲಪ್ಪ.”

“ನೋಡಿ ಹೇಳಿ.”

“ಗೊತ್ತಿಲ್ಲ ಅಂದ್ನಲ್ಲ. ನಾನು ಕೆಲಸ ಮಾಡೋವಾಗ ಬೀದಿ ನೋಡಲ್ಲ.”

ಹುಡುಗ ನಿಟ್ಟುಸಿರಿಟ್ಟು, ಜೀವಾನಂದನ ಕಡೆ ತಿರುಗಿದ. “ನೀವು ಮೇಲಿನ ಮನೆ ಸಾರ್ ಅಲ್ವಾ? ನಿಮ್ಮ ಹೆಸರು ಏನಂದ್ರಿ ಆಗ?”

“ಜೀವಾನಂದ್ ಅಂತ. ಆಗ್ಲೇ ಹೇಳಿದ್ನಲ್ಲಪ್ಪ, ನಮ್ಮ ಬಾಡಿಗೆಯವರು” ಎಂದರು ಶೀನಣ್ಣ. ಅವರ ದನಿ ಒಡೆದಿತ್ತು. ಆದರೂ ಅವರೇ, ಕೇಳದೆಯೇ, ಒಂದು ಹೆಜ್ಜೆ ಮುಂದೆ ಬಂದು ಹೇಳಿದ್ದರು.

ಆ ಹೆಸರಿನೊಳಗೆ ಇನ್ನೂ ಜಾಗವಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಒಮ್ಮೆ ತಲೆಯಾಡಿಸಿದರೆ ಧಾರಾಳವಾಯಿತು. ಕಾಲುಗಳು ಆಗಲೇ ಮನೆಯ ಕಡೆಗೆ ಅರ್ಧ ತಿರುಗಿದ್ದವು. ಕಟ್ಟೆಯ ಮೇಲೆ ಮುದುಕ ಮೂರನೆಯ ಬೆರಳನ್ನು ಮಡಿಸಲು ಮತ್ತೆ ನೋಡುತ್ತಿದ್ದ.

“ಯಾಕೋಬ” ಎಂದ ಜೀವಾನಂದ.

ಬೈಕಿನ ಸದ್ದಿನಲ್ಲಿ ಹುಡುಗನಿಗೆ ಸರಿಯಾಗಿ ಕೇಳಿಸಲಿಲ್ಲ. ಹುಬ್ಬು ಗಂಟಿಕ್ಕಿ ಮುದುಕನನ್ನು ನೋಡಿದ, ಇವನನ್ನು ನೋಡಿದ. “ಯಾಕೂಬ್ ಇವರು, ಗೊತ್ತು ಸಾರ್. ನಿಮ್ಮದು ಕೇಳಿದ್ದು.”

“ಕೂ ಅಲ್ಲ” ಎಂದ ಜೀವಾನಂದ. ತರಗತಿಯಲ್ಲಿ ಎಲೀಯನ ಮುಂದೆ ತೆರೆಯುತ್ತಿದ್ದ ಹಾಗೆ ಬಾಯಿಯನ್ನು ದುಂಡಗೆ ತೆರೆದು, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. “ಕೋ. ಯಾ-ಕೋ-ಬ.”

ಹುಡುಗ ಕೈ ಚಾಚಿ ಎಂಜಿನ್ ಆರಿಸಿದ.